ಬಂಡಿದಾರಿಗೆ ಬಿದ್ದ ಬೇಲಿ

ಬೆಟ್ಟದ ಬುಡದಲ್ಲಿ, ಹಳ್ಳದ ದಂಡೆಯ ಮೇಲೆ ಗುರುಸಿದ್ಧವ್ವನವರ ಆಶ್ರಮವಿತ್ತು. ಅದರ ಹಿಂದಿನಿಂದ ಒಂದು ಹಳೇ ಬಂಡಿದಾರಿ ಹೊರಟು, ಬೆಟ್ಟಸಾಲನ್ನು ಬಳಸಿ, ಕಣಿವೆ ಹತ್ತಿ ಆಚೆ ಇಳಿಯುತ್ತಿತ್ತು. ಘಟ್ಟಕ್ಕೆ ಡಾಂಬರು ರಸ್ತೆ ಆದ ಮೇಲೆ ಆ ದಾರಿಯಲ್ಲಿ ಬಂಡಿಗಳು ನಿಂತುಹೋದವು. ಬಸ್ಸು ಲಾರಿಗಳಂತೂ ಅತ್ತ ಬರಲೇ ಇಲ್ಲ.

ಗುರುಸಿದ್ಧವ್ವ ಆ ದಾರಿಯಲ್ಲಿ ಸೈಕಲ್ ತುಳಿಯುತ್ತಿದ್ದರು. ಒಬ್ಬರಿಂದೊಬ್ಬರಿಗೆ ಸುದ್ದಿ ತಿಳಿದು ದೂರದ ಊರುಗಳ ಜನ ಬರತೊಡಗಿದರು. ವಾಹನಗಳ ಕಾಟವಿಲ್ಲದೆ ಬೆಟ್ಟ ಸುತ್ತಬೇಕು ಅನ್ನುವವರು. ಅವ್ವ ಅವರನ್ನು ಕರೆದುಕೊಂಡು ಹೋಗುತ್ತಿದ್ದರು, ಕರೆದುಕೊಂಡು ಬರುತ್ತಿದ್ದರು. ಆಶ್ರಮದಲ್ಲಿ ಬೇರೆ ಉಪದೇಶ ಇರಲಿಲ್ಲ.

ಹಾಲಪ್ಪ ಬಸ್ ಡ್ರೈವರ್ ಆಗಿದ್ದವನು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಾಗದೆ ಆಶ್ರಮಕ್ಕೆ ಬಂದ.

“ಏನು ಬೇಕಪ್ಪ?” ಎಂದರು ಗುರುಸಿದ್ಧವ್ವ.

“ಮನಸ್ಸಿಗೆ ಸಮಾಧಾನ ಬೇಕು, ಅವ್ವ.”

“ಸೈಕಲ್ ಬರುತ್ತಾ?”

“ಬಸ್ಸೇ ಓಡಿಸಿದ್ದೀನಿ.”

“ನಾನು ಕೇಳಿದ್ದು ಸೈಕಲ್.”

“ಬರುತ್ತೆ.”

“ಹಾಗಾದರೆ ಇರು.”

ಹಾಲಪ್ಪ ಉಳಿದುಕೊಂಡ. ದಾರಿಯ ಏರು, ಇಳಿಜಾರು, ನೀರು ಸಿಗುವ ಜಾಗ ಎಲ್ಲವನ್ನೂ ಬೇಗ ಕಲಿತ. ಆ ವರ್ಷ ಅವ್ವನ ಮಂಡಿ ನೋವು ಜಾಸ್ತಿಯಾಯಿತು. ಬಂದವರನ್ನು ಕರೆದುಕೊಂಡು ಹೋಗುವ ಕೆಲಸ ಹಾಲಪ್ಪನದಾಯಿತು.

ಅವನು ಅಚ್ಚುಕಟ್ಟಾಗಿ ಕರೆದುಕೊಂಡು ಹೋಗುತ್ತಿದ್ದ. ಹೊರಡುವ ಹೊತ್ತಿಗೆ ಹೊರಡುವುದು, ಮುಟ್ಟುವ ಹೊತ್ತಿಗೆ ಮುಟ್ಟುವುದು. ದಾರಿಯಲ್ಲಿ ಯಾರಾದರೂ ನಡೆದು ಬರುತ್ತಿದ್ದರೆ ದೂರದಿಂದಲೇ “ಸೈಡ್, ಸೈಡ್” ಎಂದು ಕೂಗುತ್ತಿದ್ದ. ನಡೆಯುವವರು ಬದಿಗೆ ಸರಿಯುತ್ತಿದ್ದರು. ಸೈಕಲ್‌ಗಳ ಸಾಲು ಸರಾಗವಾಗಿ ಇಳಿದು ಹೋಗುತ್ತಿತ್ತು.

ಒಂದು ದಿನ ಇಳಿಜಾರಿನ ತಿರುವಿನಲ್ಲಿ ಒಬ್ಬ ಹೆಂಗಸು ಆಡುಗಳನ್ನು ಹೊಡೆದುಕೊಂಡು ಹೋಗುತ್ತಿದ್ದಳು. ಹಾಲಪ್ಪ ಕೂಗಿದ. ಅವಳು ಗಾಬರಿಯಲ್ಲಿ ಆಡುಗಳನ್ನು ಬದಿಗೆ ಅಟ್ಟಿದಳು. ಕೊನೆಗೆ ತಾನೂ ಸರಿಯಲು ಹೋಗಿ ಕೊರಕಲಿಗೆ ಬಿದ್ದಳು.

ಹಾಲಪ್ಪ ಸೈಕಲ್ ನಿಲ್ಲಿಸಿ ಅವಳನ್ನು ಮೇಲೆತ್ತಿದ. ಮುಂಗೈ ಮುರಿದಿತ್ತು. ಸಂಗಡ ಬಂದವರಲ್ಲಿ ಇಬ್ಬರು ಅವಳನ್ನು ಡಾಂಬರು ರಸ್ತೆಯವರೆಗೆ ನಡೆಸಿಕೊಂಡು ಹೋಗಿ, ಒಂದು ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದರು.

ಸಂಜೆ ಹಾಲಪ್ಪ ಅವ್ವನಿಗೆ ಎಲ್ಲವನ್ನೂ ಹೇಳಿದ.

“ನನ್ನ ಸೈಕಲ್ ಅವಳಿಗೆ ತಾಗಲಿಲ್ಲ, ಅವ್ವ. ದೂರದಿಂದಲೇ ಕೂಗಿದ್ದೆ.”

“ಅವಳ ಹೆಸರೇನು?”

ಹಾಲಪ್ಪ ಕೇಳಿರಲಿಲ್ಲ.

ಮುಂದಿನ ತಂಡ ಹೊರಟ ದಿನ ದಾರಿ ಕಟ್ಟಿತ್ತು. ಆ ಹೆಂಗಸಿನ ಊರಾದ ಕರೆಕಲ್ಲು ಹಟ್ಟಿಯ ಕೆಳಗೆ, ದಾರಿಯ ಈ ಅಂಚಿನಿಂದ ಆ ಅಂಚಿನವರೆಗೆ ಜಾಲಿಮುಳ್ಳಿನ ಬೇಲಿ ಬಿದ್ದಿತ್ತು. ಹಟ್ಟಿಯವರು ರಾತ್ರಿ ಬೆಳಗಾಗುವುದರೊಳಗೆ ಹಾಕಿದ್ದರು. ಕಾಲುಹಾದಿಯಲ್ಲಿ ನಡೆಯುವವರು ಬಳಸಿಕೊಂಡು ಹೋಗಬಹುದಿತ್ತು. ಸೈಕಲ್ ಹೋಗುವಂತಿರಲಿಲ್ಲ.

ಹಾಲಪ್ಪ ತಂಡವನ್ನು ಅಲ್ಲೇ ಕೂರಿಸಿ ಆಶ್ರಮಕ್ಕೆ ವಾಪಸ್ ಬಂದು ಮಚ್ಚು ತೆಗೆದುಕೊಂಡ.

“ಎಲ್ಲಿಗೆ?” ಎಂದರು ಗುರುಸಿದ್ಧವ್ವ.

“ಬೇಲಿ ಕಡಿಯೋಕೆ. ಅದು ಸರ್ಕಾರಿ ದಾರಿ. ಯಾರೂ ಅಡ್ಡ ಹಾಕೋ ಹಾಗಿಲ್ಲ.”

“ನಡಿ, ನಾನೂ ಬರ್ತೀನಿ.”

ಅವ್ವ ಕುಂಟುತ್ತಾ ನಡೆದರು. ಬೇಲಿಯ ಹತ್ತಿರ ಬಂದಾಗ ಅವನ ಕೈಯಿಂದ ಮಚ್ಚು ಇಸಿದುಕೊಂಡರು. ದಾರಿಬದಿಯ ಜಾಲಿಯಿಂದ ಒಂದು ಕೊಂಬೆ ಕಡಿದು, ಎಳೆದು ತಂದು, ಬೇಲಿಯ ಮೇಲೆ ಇಟ್ಟರು.

ತಂಡದವರು ಎದ್ದು ನಿಂತರು. ಹಾಲಪ್ಪ ಮುಂದೆ ಬಂದ.

“ಅವ್ವ, ಇದೇನು?”

“ಅಲ್ಲೊಂದು ಸಂದು ಇತ್ತು. ನೀನು ನುಗ್ಗೋ ಹಾಗಿತ್ತು.”

ಆಮೇಲೆ ತಂಡದವರ ಕಡೆ ತಿರುಗಿ, “ದಾರಿ ಕಟ್ಟಿದೆ. ಊಟ ಮಾಡಿಕೊಂಡು ಊರಿಗೆ ಹೋಗಿ. ತೊಂದರೆ ಆಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದರು.

ಅವರು ಹೊರಟುಹೋದರು. ಮುಂದೆ ಬರುವವರಿಗೂ ಅವ್ವ ಫೋನಿನಲ್ಲಿ ಬರಬೇಡಿ ಎಂದು ಹೇಳಿದರು. ಆಶ್ರಮದ ಅಂಗಳದಲ್ಲಿ ಸೈಕಲ್‌ಗಳು ಸುಮ್ಮನೆ ನಿಂತವು.

ಹಾಲಪ್ಪ ಬ್ಯಾಗಿಗೆ ಬಟ್ಟೆ ತುಂಬಿಕೊಂಡ.

“ನಾನು ಊರಿಗೆ ಹೋಗ್ತೀನಿ, ಅವ್ವ. ನನ್ನಿಂದಲೇ ದಾರಿ ಕಟ್ಟಿತು. ನಾನು ಹೋದರೆ ಬಿಡಬಹುದು.”

“ಹೋಗು. ಹೋಗುವಾಗ ಹಟ್ಟಿಯ ಮೇಲೆ ಹಾದು ಹೋಗು.”

“ಅವರಿಗೆ ಏನು ಹೇಳಲಿ?”

“ಏನೂ ಹೇಳಬೇಡ. ಅವಳ ಕೈ ಹೇಗಿದೆ ನೋಡು.”

ಹಾಲಪ್ಪ ಹಟ್ಟಿಗೆ ಹೋದ. ಹೆಂಗಸು ಮನೆ ಮುಂದೆ ಕೂತಿದ್ದಳು. ಕೈಗೆ ಪ್ಲಾಸ್ಟರ್ ಹಾಕಿದ್ದರು. ಹೆಸರು ದುರುಗಮ್ಮ. ಗಂಡನಿಲ್ಲ. ರೊಪ್ಪದೊಳಗೆ ಆಡುಗಳು ಹಸಿದು ಅರಚುತ್ತಿದ್ದವು.

“ಇವನ್ನು ಯಾರು ಮೇಯಿಸ್ತಾರೆ?” ಎಂದು ಕೇಳಿದ.

“ಇವತ್ತು ಯಾರೂ ಇಲ್ಲ. ನೆನ್ನೆ ಪಕ್ಕದ ಮನೆಯವರು ಹೋಗಿದ್ದರು. ಅವರಿಗೂ ಅವರ ಕೆಲಸ ಇರುತ್ತಲ್ಲ.”

ಹಾಲಪ್ಪ ಬ್ಯಾಗನ್ನು ಜಗಲಿಯ ಮೇಲೆ ಇಟ್ಟ. ರೊಪ್ಪದ ಬಾಗಿಲು ತೆಗೆದ.

ಅವತ್ತು ಸಂಜೆ ಆಡುಗಳು ಹೊಟ್ಟೆ ತುಂಬಿಸಿಕೊಂಡು ಬಂದವು. ಮಾರನೇ ದಿನವೂ ಅವನು ಹೋದ. ಮಲಗಲು ಹಟ್ಟಿಯ ಗುಡಿಯ ಕಟ್ಟೆ ಇತ್ತು. ಊಟಕ್ಕೆ ಒಬ್ಬರಲ್ಲ ಒಬ್ಬರು ಕರೆಯುತ್ತಿದ್ದರು. ಬೇಲಿಯ ಮಾತನ್ನು ಅವನು ಎತ್ತಲಿಲ್ಲ. ಅವರೂ ಎತ್ತಲಿಲ್ಲ.

ಒಂದು ಸಲ ದುರುಗಮ್ಮ ತಾನಾಗಿ ಕೇಳಿದಳು.

“ನೀವು ಡ್ರೈವರ್ ಅಲ್ವಾ?”

“ಯಾರು ಹೇಳಿದರು?”

“ಕೂಗೋದು ಕೇಳಿದರೆ ಗೊತ್ತಾಗುತ್ತೆ. ಮೊದಲು ನಾವು ದೊಡ್ಡ ರಸ್ತೆಯ ಬದಿಯಲ್ಲೇ ಮೇಯಿಸ್ತಾ ಇದ್ದೆವು. ಬಸ್ಸು ಜಾಸ್ತಿ ಆದವು. ಮರಿಗಳು ಚಕ್ರಕ್ಕೆ ಸಿಕ್ಕವು. ನಿಮ್ಮ ರಸ್ತೆ ನಿಮಗಿರಲಿ ಅಂತ ಬಿಟ್ಟು ಈ ಕಡೆ ಬಂದೆವು.” ಅವಳು ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು. “ಇಲ್ಲಿಂದ ಇನ್ನೆಲ್ಲಿಗೆ ಹೋಗೋದು?”

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ.

ಕೆಲವು ದಿನ ಕಳೆದವು. ಹಾಲಪ್ಪ ಕಣಿವೆಯ ಕೆಳಗೆ ಆಡು ಮೇಯಿಸುತ್ತಿದ್ದ. ಬೆಟ್ಟದ ಆಚೆ ಕಡೆಯಿಂದ ಯಾರೋ ಹುಡುಗರು ಸೈಕಲ್‌ಗಳಲ್ಲಿ ಇಳಿದು ಬಂದರು. ಬೇಲಿ ಬಿದ್ದದ್ದು ಅವರಿಗೆ ಗೊತ್ತಿರಲಿಲ್ಲ. “ಸೈಡ್, ಅಂಕಲ್” ಎಂದರು. ಹಾಲಪ್ಪ ಆಡುಗಳನ್ನು ಕೊರಕಲಿಗೆ ತಳ್ಳಿ ತಾನೂ ಧುಮುಕಿದ. ಮೊಣಕಾಲು ತರಚಿತು. ಹುಡುಗರು ಕೈ ಬೀಸಿ “ಥ್ಯಾಂಕ್ಸ್” ಎಂದು ಹೇಳಿ ಹೋದರು. ಒಳ್ಳೆಯ ಹುಡುಗರೇ.

ಮುಂದೆ ಬೇಲಿ ಇದೆ, ಅವರು ಇದೇ ದಾರಿಯಲ್ಲಿ ವಾಪಸ್ ಬರುತ್ತಾರೆ ಎಂದು ಹಾಲಪ್ಪನಿಗೆ ಗೊತ್ತಿತ್ತು. ಅದಕ್ಕೇ ಅವನು ಮೇಲೆ ಬರಲಿಲ್ಲ. ಅವರು ಬಂದು ದಾಟುವ ತನಕ ಆಡುಗಳನ್ನು ಕೊರಕಲಿನಲ್ಲೇ ತಡೆದುಕೊಂಡು, ಕಿವಿ ನಿಮಿರಿಸಿ ಕೂತಿದ್ದ. ಬಿಸಿಲು ನೆತ್ತಿ ಸುಡುತ್ತಿತ್ತು. ಒಂದು ಮರಿ ಅವನ ಅಂಗಿಯ ತೋಳು ಅಗಿಯುತ್ತಿತ್ತು.

ದುರುಗಮ್ಮನ ಕೈ ಕೂಡಿಕೊಂಡಿತು. ಪ್ಲಾಸ್ಟರ್ ತೆಗೆದ ಮೇಲೆ ಅವಳು ಒಂದು ಸಂಜೆ ಹಾಲಪ್ಪನ ಕೈಯಿಂದ ಕೋಲು ಇಸಿದುಕೊಂಡು, “ನಾಳೆಯಿಂದ ನಾನು ಹೋಗ್ತೀನಿ” ಎಂದಳು.

ಹಾಲಪ್ಪ ಜಗಲಿಯಿಂದ ಬ್ಯಾಗ್ ತೆಗೆದುಕೊಂಡ. ಊರಿನ ಕಡೆ ಹೋಗದೆ ಆಶ್ರಮದ ಕಡೆ ಇಳಿದ. ದಾರಿಯಲ್ಲಿ ಬೇಲಿ ಇರಲಿಲ್ಲ. ಮುಳ್ಳನ್ನೆಲ್ಲ ಯಾರೋ ಬದಿಗೆ ಒಟ್ಟಿದ್ದರು.

“ದಾರಿ ಬಿಟ್ಟಿದ್ದಾರೆ, ಅವ್ವ” ಎಂದ.

“ನೋಡಿದೆ. ನಾಳೆ ಒಬ್ಬನೇ ಒಂದು ಸಲ ಹೋಗಿ ಬಾ. ನಾಡಿದ್ದು ಜನ ಬರ್ತಾರೆ.”

ಮಾರನೇ ದಿನ ಅವನು ಸೈಕಲ್ ಹತ್ತಿ ಹೋದ. ಹೊತ್ತಿಗೆ ಮುಂಚೆಯೇ ವಾಪಸ್ ಬಂದ. ಗುರುಸಿದ್ಧವ್ವ ಹಳ್ಳದಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು.

“ಪೂರ್ತಿ ಹೋಗಲಿಲ್ಲವಾ?”

“ಹಟ್ಟಿಯ ಹತ್ತಿರ ದುರುಗಮ್ಮ ಎದುರಿಗೆ ಬಂದಳು. ತಲೆಯ ಮೇಲೆ ಹುಲ್ಲಿನ ಹೊರೆ ಇತ್ತು. ನಾನು ಇಳಿದು, ಸೈಕಲ್ ಬದಿಗೆ ಇಟ್ಟು ನಿಂತೆ.”

“ಅವಳು ಹೋದಳಾ?”

“ಇಲ್ಲ. ನನ್ನನ್ನು ನೋಡಿ ಅವಳೂ ಆ ಬದಿಗೆ ಸರಿದು ನಿಂತಳು. ನೀನು ಹೋಗಮ್ಮ ಅಂದೆ. ನೀವು ಹೋಗಿ ಅಂದಳು. ನಾನು ಹೋಗಲಿಲ್ಲ, ಅವಳೂ ಹೋಗಲಿಲ್ಲ.”

“ಆಮೇಲೆ?”

“ಇಬ್ಬರಿಗೂ ನಗು ಬಂತು. ಹೊರೆ ಇಳಿಸಿ ಅವಳು ಆ ಕಡೆ ಕೂತಳು. ನಾನು ಈ ಕಡೆ ಕೂತೆ. ಏನೂ ಮಾತಾಡಲಿಲ್ಲ. ನಡುವೆ ದಾರಿ ಸುಮ್ಮನೆ ಬಿದ್ದಿತ್ತು, ಅವ್ವ. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಅಲ್ಲಿಂದಲೇ ತಿರುಗಿಸಿಕೊಂಡು ಬಂದೆ.”

ಗುರುಸಿದ್ಧವ್ವ ನೀರಿನಿಂದ ಕಾಲು ಮೇಲೆತ್ತಿಕೊಂಡರು.

“ನಾಳೆ ಬರುವವರಿಗೆ ಎಲ್ಲಿಯವರೆಗೆ ತೋರಿಸಲಿ?” ಎಂದು ಹಾಲಪ್ಪ ಕೇಳಿದ.

“ನೀವಿಬ್ಬರು ಕೂತಿದ್ದ ಜಾಗದವರೆಗೆ. ಅಷ್ಟನ್ನೇ ತೋರಿಸು.”