ಗಾಡಿಗೆ ಹೂಡಿದ ಗಾಣದೆತ್ತು

ಹದಿನಾಲ್ಕು ವರ್ಷ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಗಾಣ ಸುತ್ತಿದ್ದ ಕೆಂದನೆಂಬ ಎತ್ತನ್ನು, ಗಾಣ ನಿಂತ ಮೇಲೆ ಗಾಡಿಗೆ ಹೂಡಿದರು. ಎದುರಿಗೆ ಉದ್ದಾನುದ್ದ ದಾರಿಯಿದ್ದರೂ ನಾಲ್ಕು ಹೆಜ್ಜೆಗೊಮ್ಮೆ ಕೆಂದನ ಕಾಲು ತಾನಾಗಿ ಎಡಕ್ಕೆ ಹೊರಳುತ್ತಿತ್ತು. ಗಾಡಿ ಎರಡು ಸಲ ಬೇಲಿಗೆ ನುಗ್ಗಿತು.

"ಅಜ್ಜಾ, ಈ ವಯಸ್ಸಿನಲ್ಲಿ ನಿನಗೇಕೆ ಈ ಉಸಾಬರಿ?" ಎಂದು ಜೊತೆಯ ಎಳೆಹೋರಿ ಮಾಸ ಗೊಣಗಿದ.

"ಕಣ್ಣು ಬಿಟ್ಟು ನಡೆಯುವುದು ಇವತ್ತೇ ಮೊದಲು, ಮಾರಾಯ. ಕಲಿಯುತ್ತೇನೆ," ಎಂದ ಕೆಂದ.

ಸಂತೆಯೂರಿನ ಇಕ್ಕಟ್ಟಾದ ಓಣಿಯೊಂದು ಗೋಡೆಗೆ ಹೋಗಿ ಮುಗಿದಿತ್ತು. ಗಾಡಿ ತಿರುಗಿಸುವ ಬಗೆ ಕಾಣದೆ ಮಾಸ ದಿಕ್ಕೆಟ್ಟು ನಿಂತ. ಕೆಂದ ಅವನನ್ನೂ ಎಳೆದುಕೊಂಡು ನಿಂತಲ್ಲೇ ಎಡಕ್ಕೆ ಸುತ್ತಿದ. ಗಾಡಿ ಗೋಡೆಗೆ ತಾಗದೆ ತಿರುಗಿತು.

"ಅಜ್ಜಾ, ಇದನ್ನು ನನಗೂ ಕಲಿಸುತ್ತೀಯಾ?"

"ಕಲಿಸೋಣ. ಮೊದಲು ಆ ನೆಟ್ಟನೆ ದಾರಿಯಲ್ಲಿ ಒಂದು ಸಲ ಓಡೋಣ ಬಾ!" ಎಂದು ಕೆಂದ ಬಾಲ ಎತ್ತಿದ.