ಉಪ್ಪಜ್ಜಿ ಕಟ್ಟೆ

ಅಳಿವೆಕೇರಿಯ ಮೀನು ಮಾರುಕಟ್ಟೆಗೆ ಬೆಳಿಗ್ಗೆ ಏಳರೊಳಗೆ ಹೋಗಬೇಕು. ಆಗ ಬಂಗುಡೆಯ ಕಣ್ಣು ಇನ್ನೂ ಹೊಳೆಯುತ್ತಿರುತ್ತದೆ, ಕಾಣೆಯ ಮೈ ಬಿಗಿಯಾಗಿರುತ್ತದೆ, ಸಿಗಡಿ ಬುಟ್ಟಿಯಲ್ಲಿ ಚಟಪಟ ಹಾರುತ್ತಿರುತ್ತದೆ. ಕೊಂಡ ಮೀನನ್ನು ಪಕ್ಕದ ಚಪ್ಪರದಲ್ಲೇ ಮಸಾಲೆ ಹಚ್ಚಿ ಹುರಿದುಕೊಡುತ್ತಾರೆ. ಮಾರುಕಟ್ಟೆಯ ನಡುವೆ ಮೊಣಕಾಲೆತ್ತರದ ಮುರಕಲ್ಲಿನ ಕಟ್ಟೆಯೊಂದಿದೆ. ಅದರ ಮೇಲೆ ಒಂದು ಹಿಡಿ ಉಪ್ಪು ಇಡದೆ ಯಾವ ಹೆಂಗಸೂ ಬುಟ್ಟಿ ಬಿಚ್ಚುವುದಿಲ್ಲ. ಇದನ್ನು ಉಪ್ಪಜ್ಜಿ ಕಟ್ಟೆ ಎನ್ನುತ್ತಾರೆ. ಇಲ್ಲಿ ಉಪ್ಪು ಮಾರುವ ಮುದುಕಿಯೊಬ್ಬಳಿದ್ದಳೆಂದು ಯಾರೋ ಪುಣ್ಯಾತ್ಮರು ಬರೆದದ್ದುಂಟು. ಅವರಿಗೆ ಊಟ ಚೆನ್ನಾಗಿ ಸಿಕ್ಕಿರಬೇಕು, ಕಥೆ ಸಿಗಲಿಲ್ಲ.

ಹಿಂದೆ ಒಮ್ಮೆ, ಈ ಕಟ್ಟೆಗೆ ಹೆಸರೇ ಇಲ್ಲದಿದ್ದ ಕಾಲದಲ್ಲಿ, ಅಳಿವೆಕೇರಿಯವರಿಗೆ ಒಂದು ಹೆಮ್ಮೆಯಿತ್ತು. ಅವರು ನಿನ್ನೆಯ ಮೀನು ಮಾರುತ್ತಿರಲಿಲ್ಲ, ತಿನ್ನುತ್ತಲೂ ಇರಲಿಲ್ಲ. ಆ ಹೆಸರು ಕೇಳಿಯೇ ಮೂಡಲ ಸೀಮೆಯವರು ಬೇರೆ ಊರಿನ ಮೀನಿಗೆ ಒಂದು ಸೇರು ಅಕ್ಕಿ ಕೊಟ್ಟರೆ ಇಲ್ಲಿಯದಕ್ಕೆ ಎರಡು ಸೇರು ಅಳೆಯುತ್ತಿದ್ದರು. ಉಳಿದ ಮೀನೆಲ್ಲ ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಮೀನಿಗೆ ಉಪ್ಪು ಹಾಕಿಟ್ಟವರ ಮಡಕೆಯನ್ನು ಇದೇ ಕಟ್ಟೆಯ ಮೇಲೆ ಒಡೆಯಬೇಕೆಂದು ಕಟ್ಟಳೆಯಿತ್ತು. ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂದು ಗಂಜಿ ಉಣ್ಣುವಾಗ ಹೇಳುವ ಜನವೇ ಮೀನಿನ ಮಾತು ಬಂದರೆ ಉಪ್ಪೆಂದು ಮೂಗು ಮುರಿಯುತ್ತಿತ್ತು.

ಒಂದು ವೈಶಾಖದಲ್ಲಿ ಬಲೆ ಹರಿಯುವಷ್ಟು ಬೈಗೆ ಮೀನು ಬಿತ್ತು. ತೆಂಗಿನ ಬುಡಗಳಲ್ಲಿ ಜಾಗವಿಲ್ಲದೆ ಮೀನು ದಡದಲ್ಲೇ ಕೊಳೆಯಿತು. ಅಕ್ಕಣಿ ಎಂಬ ಮುದುಕಿಯ ಮಗನೂ ಸೊಸೆಯೂ ತೀರಿಹೋಗಿ, ಅವಳಿಗೆ ಉಳಿದವಳು ಮೊಮ್ಮಗಳು ಸುಬ್ಬಿ ಒಬ್ಬಳೇ. ಸುಬ್ಬಿ ಆಗ ಬಸುರಿ. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ, ಮೀನಿಲ್ಲದಿದ್ದರೆ ಅಕ್ಕಿಯೂ ಇಲ್ಲ ಎಂದು ಬಲ್ಲ ಅಕ್ಕಣಿ ಒಂದು ಮಡಕೆ ಬೈಗೆಗೆ ಉಪ್ಪು ಹಾಕಿ ಅಟ್ಟದಲ್ಲಿಟ್ಟಳು. ವಾಸನೆ ಮುಚ್ಚಿಡಲಾದೀತೇ? ಊರಿನ ಮುಖ್ಯಸ್ಥ ಶೀನ ಗುರಿಕಾರ ಮಡಕೆಯನ್ನು ಕಟ್ಟೆಗೆ ತರಿಸಿದ.

“ನಂಗಲ್ಲ ಗುರ್ಕಾರ್ರೇ, ಬಸ್ರಿ ಹೆಣ್ಣಿಗೆ. ಮಳಿಗಾಲ್ದಗೆ ಅದ್ ಎಂತ ತಿಂಬುದ್?” ಎಂದು ಅಕ್ಕಣಿ ಕೈಮುಗಿದಳು.

“ಉಪ್ಪಿನ್ ಮೀನ್ ತಿಂಬುಕೆ ನಾವೆಂತ ಘಟ್ಟದ್ ಮೇಲಿನವ್ರಾ?” ಎಂದ ಗುರಿಕಾರ. ಸುತ್ತ ನಿಂತವರು ನಕ್ಕರು. ಅವನು ಕೆಟ್ಟವನೇನಲ್ಲ, ಊರಿನ ಹೆಸರು ಕಾಯುವವನು. ಮಡಕೆ ಒಡೆಯಿತು.

ಆ ವರ್ಷ ಕಡಲಿನ ಅಬ್ಬರ ಶ್ರಾವಣದ ನೂಲ ಹುಣ್ಣಿಮೆಗೆ ಇಳಿಯಲಿಲ್ಲ, ಚೌತಿಗೂ ಇಳಿಯಲಿಲ್ಲ. ಹೊಳೆ ಕೆಂಪಾಗಿ ಹರಿದು ಚಿಪ್ಪುಮೀನು ಕೂಡ ಕೆಸರಲ್ಲಿ ಹೂತುಹೋಯಿತು. ಜನ ಕೆಸುವಿನ ಗೆಡ್ಡೆ ಕಿತ್ತು ತಿಂದರು, ಆಮೇಲೆ ಅದೂ ಇಲ್ಲದಾಯಿತು. ಭಾದ್ರಪದದ ಒಂದು ಮಧ್ಯಾಹ್ನ ಗುರಿಕಾರನೇ ಅಕ್ಕಣಿಯ ಗುಡಿಸಲ ಮುಂದೆ ಬಂದು ತಲೆತಗ್ಗಿಸಿ ನಿಂತ. ಅವನ ಮನೆಯಲ್ಲೂ ಮಕ್ಕಳಿದ್ದವು.

“ಅಜ್ಜಿ, ಇನ್ನೊಂದ್ ಮಡ್ಕಿ ಎಲ್ಲಾದ್ರೂ ಇತ್ತಾ?”

“ನೀವ್ ಒಡ್ದದ್ದೇ ಇದ್ದದ್,” ಎಂದಳು ಅಕ್ಕಣಿ. ಒಳಗೆ ಸುಬ್ಬಿಗೆ ನೋವು ಶುರುವಾಗಿತ್ತು. ಹೆರುವ ಶಕ್ತಿ ಅವಳ ಮೈಯಲ್ಲಿ ಉಳಿದಿರಲಿಲ್ಲ. ಸಂಜೆಗೆ ತಾಯಿ ಮಗು ಇಬ್ಬರೂ ಹೋದರು.

ನವರಾತ್ರಿಗೆ ಕಡಲು ತೆರೆಯಿತು. ಮೊದಲ ದೋಣಿಯಲ್ಲೇ ಬೆಳ್ಳಿಯಂಥ ಮೀನು ಬಂತು. ಬದುಕಿದ್ದವರೆಲ್ಲ ಕಟ್ಟೆಗೆ ಓಡಿದರು. ಅಕ್ಕಣಿಯೂ ಬಂದಳು, ಮೀನು ಮುಟ್ಟಲಿಲ್ಲ. ಮಡಕೆ ಒಡೆದ ಜಾಗದಲ್ಲಿ ಒಂದು ಹಿಡಿ ಉಪ್ಪಿಟ್ಟು ಹಿಂದಿರುಗಿದಳು. ಸಾಯುವ ತನಕ ದಿನಾ ಇಟ್ಟಳು. ಅವಳು ಸತ್ತ ಮರುದಿನದಿಂದ ಗುರಿಕಾರ ಇಟ್ಟ, ಅವನ ನಂತರ ಊರು ಇಡುತ್ತಿದೆ. ಆದರೆ ಅಂದಿಗೂ ಇಂದಿಗೂ ಅಳಿವೆಕೇರಿಯಲ್ಲಿ ಯಾರೂ ಮೀನಿಗೆ ಉಪ್ಪು ಹಾಕಿಡುವುದಿಲ್ಲ. ಉಳಿದದ್ದು ತೆಂಗಿನ ಬುಡಕ್ಕೇ ಹೋಗುತ್ತದೆ. ಅದನ್ನು ಕಂಡಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಹೇಳಿದರೆ ಕೇಳುವವರಿಲ್ಲ.

ಇಂದಿಗೂ ಹೋದವರು ನೋಡಬಹುದು: ಏಳಕ್ಕೆ ಗುಡ್ಡೆಯಾಗಿದ್ದ ಉಪ್ಪು ಹತ್ತರ ಹೊತ್ತಿಗೆ ಮೀನು ತೊಳೆದ ನೀರಿನಲ್ಲಿ ಕರಗಿ ಚರಂಡಿ ಸೇರುತ್ತದೆ. ಕಳೆದ ವರ್ಷ ಪ್ರವಾಸಕ್ಕೆ ಬಂದವರೊಬ್ಬರು ಹುರಿದ ಕಾಣೆಗೆ ಉಪ್ಪು ಸಾಲದೆಂದು ಕಟ್ಟೆಯಿಂದಲೇ ಒಂದು ಚಿಟಿಕೆ ತೆಗೆದರು. ನಾನು ತಡೆಯಲು ಎದ್ದೆ. ಮೀನು ಮಾರುವ ಗುಲಾಬಿ ನನ್ನ ಕೈ ಹಿಡಿದು ಕೂರಿಸಿದಳು.

“ಬಿಡಿ, ಅವ್ರಾದ್ರೂ ತಿನ್ಲಿ. ತಿಂಬುಕಾದವ್ಳ್ ತಿನ್ಲಿಲ್ಲ.”