ಮಸಿ ಕಾಣದ ಕೊಪ್ಪರಿಗೆ

“ಗುರುಗಳೇ, ಹಿಂದಿನ ಅರಸರು ಬಿಟ್ಟುಕೊಟ್ಟ ತೆರಿಗೆಯನ್ನು ಈಗಿನವರು ಮತ್ತೆ ಹಾಕಬಹುದೇ?” ಎಂದು ಚೆನ್ನವೀರ ಕೇಳಿದ. ಮಠಕ್ಕೆ ಮರುದಿನ ತೆರಿಗೆಯ ಅಧಿಕಾರಿ ಬರುವವನಿದ್ದ. ಚೆನ್ನವೀರ ಬೆಳಗಿನಿಂದ ಬಾಗಿಲ ಬಳಿಯ, ಮಠಕ್ಕೆ ತೆರಿಗೆಯಿಲ್ಲವೆಂದು ಬರೆದ ಶಾಸನದ ಕಲ್ಲನ್ನು ತಿಕ್ಕಿ ತೊಳೆಯುತ್ತಿದ್ದ. ಹೆದರಿಕೆಯಿಂದ ಅವನಿಗೆ ಊಟವೂ ಸೇರಿರಲಿಲ್ಲ.

ಗುರುಗಳು ಹೇಳಿದರು:

ಒಂದು ಪೇಟೆಯಲ್ಲಿ ಗಾಣಿಗರ ಸಂಘದ ಛತ್ರವಿತ್ತು. ದಾರಿಹೋಕರಿಗೆ ಅಲ್ಲಿ ಅನ್ನ ಬೇಯುತ್ತಿರುವವರೆಗೆ ಆ ಮನೆಗೆ ತೆರಿಗೆಯಿಲ್ಲವೆಂದು ಅರಸನೊಬ್ಬ ಕಲ್ಲಿನಲ್ಲಿ ಬರೆಸಿದ್ದ. ಕಟ್ಟಿಸಿದ ಅಜ್ಜಂದಿರು ದಿನವೂ ಬಡಿಸಿದರು. ಮಕ್ಕಳು ಹಬ್ಬಕ್ಕೆ ಬಡಿಸಿದರು. ಮೊಮ್ಮಕ್ಕಳು ಬಾಗಿಲು ಹಾಕಿಕೊಂಡು ಸಭೆ ಸೇರಿ, ಎಲೆಯಡಿಕೆ ಜಗಿದು ಎದ್ದುಹೋಗುತ್ತಿದ್ದರು. ಕಲ್ಲಿನ ಪೂಜೆಯನ್ನು ಮಾತ್ರ ಯಾವ ವರ್ಷವೂ ತಪ್ಪಿಸಲಿಲ್ಲ. ಪುಣ್ಯವಂತರು!

ಅಧಿಕಾರಿ ಬರುತ್ತಾನೆಂಬ ಸುದ್ದಿ ಬಂತು. ತೆರಿಗೆ ಬಿದ್ದರೆ ಹಿಂದಿನ ಬಾಕಿಯೂ ಸೇರಿ ಛತ್ರವೇ ಹರಾಜಾಗುತ್ತದೆ. ಸಂಘದ ಯಜಮಾನ ಗೋಡೆಗೆ ಸುಣ್ಣ ಬಳಿಸಿದ. ಅಟ್ಟದಲ್ಲಿದ್ದ ಅನ್ನದ ಕೊಪ್ಪರಿಗೆಯನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ಒಳಗೂ ಹೊರಗೂ ಬೆಳಗಿಸಿದ.

ಅಧಿಕಾರಿ ಬಂದ. ಶಾಸನವನ್ನು ಓದಿದ. ಅಡುಗೆಮನೆಗೆ ನಡೆದ. ಸಂಘದವರೆಲ್ಲ ಹಿಂದೆ ನಿಂತರು. ಅವನು ಕೊಪ್ಪರಿಗೆಯನ್ನು ಮಗುಚಿ ಹಾಕಿ ತಳದ ಮೇಲೆ ಬೆರಳಾಡಿಸಿದ. ಬೆರಳಿಗೆ ಏನೂ ಅಂಟಲಿಲ್ಲ.

ಯಜಮಾನನಿಗೆ ಹೋದ ಜೀವ ಬಂದಂತಾಯಿತು. “ನೋಡಿ ಸ್ವಾಮಿ, ನಾವು ಎಷ್ಟು ಜೋಪಾನವಾಗಿ ಇಟ್ಟಿದ್ದೇವೆ! ನಾನು ಯಜಮಾನನಾದ ಮೇಲೆ ಇದಕ್ಕೆ ಒಂದು ಚೂರು ಮಸಿ ತಾಗಲು ಬಿಟ್ಟಿಲ್ಲ” ಎಂದ.

ಹಿಂದೆ ನಿಂತವರಲ್ಲಿ ಒಬ್ಬ ಮುದುಕ ತಲೆ ತಗ್ಗಿಸಿದ. ಯಜಮಾನನಿಗೆ ತಾನು ಆಡಿದ್ದೇನೆಂದು ಆಮೇಲೆ ಹೊಳೆಯಿತು.

“ಕಲ್ಲಿನಲ್ಲಿ ಬರೆದಿದೆಯಲ್ಲ, ಸ್ವಾಮಿ!” ಎಂದು ಗೋಗರೆದ.

“ಬರೆದಿದೆ. ಅದಕ್ಕೇ ಅಡುಗೆಮನೆಗೆ ಬಂದೆ” ಎಂದು ಅಧಿಕಾರಿ ಹೊರಗೆ ನಡೆದ. ಆ ವರ್ಷವೇ ಛತ್ರ ಹರಾಜಾಯಿತು. ಕೊಂಡವನು ಮೆಣಸಿನಕಾಯಿ ಮೂಟೆ ತುಂಬಿದ.

ಗುರುಗಳು ಕಥೆ ಮುಗಿಸಿದರು. ಚೆನ್ನವೀರ ಒದ್ದೆ ಬಟ್ಟೆಯನ್ನು ಹಿಂಡುತ್ತ, “ನಮ್ಮ ಕೊಪ್ಪರಿಗೆಯ ತಳ ಕಪ್ಪಾಗಿಯೇ ಇದೆ, ಗುರುಗಳೇ. ಹಾಗಾದರೆ ನಾಳೆ ನಮಗೆ ಭಯವಿಲ್ಲ ಅಲ್ಲವೇ?” ಎಂದ.

ಗುರುಗಳು ಕೇಳಿದರು:

“ಬೆಳಿಗ್ಗೆ ಹಸಿದು ಬಂದ ಮುದುಕಿಗೆ, ‘ಕಲ್ಲು ತೊಳೆಯುತ್ತಿದ್ದೇನೆ, ಮುಂದೆ ಹೋಗು’ ಎಂದೆಯಲ್ಲ, ಅವಳು ಎಲ್ಲಿಯವರೆಗೆ ಹೋಗಿರಬಹುದು?”